ಎದ್ದು ಹೋಗಲಾಗದ ಜಾಗ

ಚೌಕಾಸಿಗೆ ಕೂರುವಾಗ ಬಾಗಿಲಿನ ಹತ್ತಿರ ಕೂರಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಪೀಣ್ಯದಲ್ಲಿ ಟಾರ್ಪಾಲಿನ ವ್ಯಾಪಾರ ಮಾಡುತ್ತಾ ಮಾಡುತ್ತಾ ಕಲಿತೆ. ಎದ್ದು ಹೊರಟರೆ ಎದುರಿನವರು ಕೂಗಿ ಕರೆಯುತ್ತಾರೆ. ಒಮ್ಮೆ ಕರೆದರೆ ಮುಗಿಯಿತು, ಮಾತು ನಮ್ಮ ಕೈಗೆ ಬಂತು ಅಂತಲೇ ಲೆಕ್ಕ. ಆದರೆ ಎದುರಿನವರೇ ಎದ್ದು ಹೋಗಿಬಿಡುವ ಭಯವಿದ್ದರೆ? ಆಗ ಬಾಗಿಲೇ ಇಲ್ಲದ ಕಡೆ ಕೂರಿಸಬೇಕು. ನನ್ನ ಜೊತೆ ಹದಿನಾಲ್ಕು ವರ್ಷ ಹೊಲಿಗೆಗೆ ಕೂತವಳನ್ನು, ಹೋದ ವರ್ಷ ಆಯುಧ ಪೂಜೆ ಮುಗಿದ ಮರುದಿನ, ಕರಾವಳಿಯ ಒಂದು ದ್ವೀಪಕ್ಕೆ ಕರೆದುಕೊಂಡು ಹೋದದ್ದು ಇದೇ ಉಪಾಯದಿಂದ. ಅವಳು ಕೆಲಸ ಬಿಡುತ್ತೇನೆ ಅಂದಿದ್ದಳು. ಅವಳನ್ನು ನಾನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು.

ನಮ್ಮದು ರಾಜಗೋಪಾಲನಗರದ ಒಂದು ತಗಡಿನ ಶೆಡ್ಡು. ಲಾರಿಗೆ ಹೊದಿಸುವ ಟಾರ್ಪಾಲು, ಕಾರ್ಖಾನೆಯ ಯಂತ್ರಗಳ ಹೊದಿಕೆ, ಮಳೆಗಾಲಕ್ಕೆ ಮನೆ ಕಟ್ಟುವವರ ಶೀಟು, ಇವೇ ನಮ್ಮ ಸರಕು. ಗಂಡ ಅನ್ನಿಸಿಕೊಂಡವನು ಮದುವೆಯಾದ ಎರಡನೇ ವರ್ಷಕ್ಕೇ ಬೇರೆ ಸಂಸಾರ ಹೂಡಿದ ಮೇಲೆ ನಾನು ಗಾರ್ಮೆಂಟ್ಸ್ ಸೇರಿ, ಅಲ್ಲಿಂದ ಹೊರಬಿದ್ದು, ಒಂದು ಹಳೆಯ ದಪ್ಪ ಹೊಲಿಗೆ ಮೆಷೀನು ಹಿಡಿದು ಇದನ್ನು ಕಟ್ಟಿದೆ. ಅವಳು ಗದಗಿನ ಕಡೆಯವಳು, ಲಗ್ಗೆರೆಯಲ್ಲಿ ಒಂದು ಬಾಡಿಗೆ ರೂಮು. ಕೆಲಸ ಕೇಳಿಕೊಂಡು ಬಂದ ದಿನ ಮೂರು ಸೂಜಿ ಮುರಿದಳು. ನಾಲ್ಕನೆಯದನ್ನು ಕೊಡುವಾಗ ನಾನು ಮುಖ ಗಂಟಿಕ್ಕಿದ್ದಕ್ಕೆ, "ಅಕ್ಕಾರ, ಸೂಜಿ ಮುರದ್ರ ಇಷ್ಟ್ ಮಾರಿ ಮಾಡ್ತೀರಿ, ಮೆಷೀನ್ ಮುರದ್ರ ಏನ್ ಮಾಡ್ತೀರಿ?" ಅಂದಳು. ಅವತ್ತಿನಿಂದ ನನ್ನ ಎದುರಿನ ಮೆಷೀನು ಅವಳದು. ನನ್ನನ್ನು ಬೈಯುವ ಹಕ್ಕೂ ಅವಳೊಬ್ಬಳದೇ.

ನಮ್ಮ ಕಡೆ ಆಯುಧ ಪೂಜೆ ಹತ್ತಿರ ಬಂತೆಂದರೆ ಎಲ್ಲ ಶೆಡ್ಡುಗಳಲ್ಲೂ ಒಂದು ಮಾತು ಕೇಳುತ್ತದೆ: "ಈ ಸಲ ಬಿಡ್ತೀನಿ." ಯಾರೂ ಬಿಡುವುದಿಲ್ಲ. ಬೋನಸ್ ಜಾಸ್ತಿ ಮಾಡಿ ಅನ್ನುವುದನ್ನು ಹಾಗೆ ಹೇಳುವುದು ರೂಢಿ. ಮಾಲೀಕರು, "ಹೋಗಪ್ಪಾ, ಹೋಗಿ ಸುಖವಾಗಿರು" ಅನ್ನಬೇಕು. ಮೂರು ದಿನ ಮುಖ ತಿರುಗಿಸಿಕೊಂಡು ಓಡಾಡಿ, ಪೂಜೆಯ ದಿನ ಇಬ್ಬರೂ ಒಂದು ಮಾತಿಗೆ ಬಂದು, ಮೆಷೀನಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿದರೆ ಆ ವರ್ಷದ ಆಟ ಮುಗಿಯಿತು. ಅವಳು ಆ ಮಾತನ್ನು ಅದುವರೆಗೆ ಒಮ್ಮೆಯೂ ಆಡಿರಲಿಲ್ಲ. ಆಡಿದಾಗ ನಾನು ಅಂದುಕೊಂಡೆ, ಇವಳೂ ಕೊನೆಗೆ ಚೌಕಾಸಿ ಕಲಿತಳಲ್ಲ! ಪೂಜೆ ಹತ್ತಿರ ಬಂದರೂ ಅವಳು ಒಂದು ಮಾತಿಗೆ ಬರದಿದ್ದಾಗ, ಹಿಂದಿನ ಬೀದಿಯ ಟಾರ್ಪಾಲಿನವನು ಏನೋ ಆಸೆ ತೋರಿಸಿರಬೇಕು ಅಂತಲೂ ಊಹಿಸಿದೆ.

ಶೆಡ್ಡಿನಲ್ಲಿ ಮಾತಾಡಲು ಹೋದರೆ ಗಿರಾಕಿ ಬರುತ್ತಾನೆ, ಫೋನು ಬರುತ್ತದೆ, ಅವಳು ಊಟದ ಡಬ್ಬಿ ಎತ್ತಿಕೊಂಡು ಹೊರಟುಬಿಡುತ್ತಾಳೆ. ಆ ಹೊತ್ತಿಗೇ ಚಾರಣಕ್ಕೆ ಹೋಗುವ ಹುಡುಗರ ಗುಂಪೊಂದು ಟೆಂಟು ಹೊಲಿಸಲು ಬಂದು, ಹವಳದ ಬಂಡೆಗಳು ಸುತ್ತುವರಿದ ಒಂದು ದ್ವೀಪದ ಫೋಟೋ ತೋರಿಸಿತ್ತು. ಊರಿಲ್ಲ, ಅಂಗಡಿಯಿಲ್ಲ, ಬಸ್ಸಿಲ್ಲ. ನನಗೆ ಬೇಕಾದ ಜಾಗ ಅದೇ ಅನ್ನಿಸಿತು. "ನಮ್ಮ ಟೆಂಟು ಸಮುದ್ರದ ಗಾಳಿಗೆ ನಿಲ್ಲುತ್ತೋ ಇಲ್ವೋ ನೋಡ್ಬೇಕು, ನೀನೂ ಬಾ" ಅಂದೆ. ಅವಳು ಹೊಲಿಗೆಯ ನೂಲು ಕತ್ತರಿಸಿ, "ಸಮುದ್ರ ನೋಡಿಲ್ಲ ನಾ. ಬರ್ತೀನಿ" ಅಂದಳು.

ಇತರರ ಜೊತೆ ಹಂಚಿಕೊಂಡು ಹೋಗುವ ದೋಣಿ ಅಗ್ಗ. ಆದರೂ ನಾನು ಇಡೀ ದೋಣಿಯನ್ನೇ ನಮ್ಮಿಬ್ಬರಿಗೆ ಗೊತ್ತು ಮಾಡಿದೆ. ಪರರ ಎದುರು ಮುಖ್ಯವಾದ ಮಾತು ಎತ್ತಬಾರದು. ನೀವೂ ನೆನಪಿಡಿ. ದ್ವೀಪದಲ್ಲಿ ತಂಗಲು ಬೇಕಾದ ಅನುಮತಿಯನ್ನು ದೋಣಿಯವನೇ ಪಡೆದಿಟ್ಟಿದ್ದ. ವಾಪಸ್ಸು ಕರೆದೊಯ್ಯಲು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಾರಪ್ಪಾ ಅಂತ ನಾನು, ಆರಕ್ಕೇ ಬರುವುದು ಅಂತ ಅವನು.

"ಎಂಟಕ್ಕೆ ಬಾ. ನಿಂದೂ ಬೇಡ, ನಂದೂ ಬೇಡ" ಅಂದೆ.

ಅವನು ನಕ್ಕ. "ಅಕ್ಕ, ನನ್ನ ಹತ್ರ ಎಂತ ಚೌಕಾಸಿ ಮಾಡ್ತೀರಿ? ನೀರಿನ ಹತ್ರ ಮಾಡಿ. ಭರತ ಇರುವಾಗ, ನೀರು ಏರಿದಾಗ ಮಾತ್ರ ದೋಣಿ ಒಳಗೆ ಹೋಗುದು. ಇಳಿದ ಮೇಲೆ ಬಂದ್ರೆ ಅಡಿಯ ಹವಳದ ಕಲ್ಲು ದೋಣಿಯ ಹೊಟ್ಟೆ ಸೀಳ್ತದೆ. ಕಲ್ಲೂ ಹಾಳು, ದೋಣಿಯೂ ಹಾಳು."

ಜೀವನದಲ್ಲಿ ಮೊದಲ ಸಲ ಎದುರಿನವನು ಹೇಳಿದ್ದಕ್ಕೆ ಹಾಗೇ ಒಪ್ಪಿದೆ. ನನ್ನ ಬುದ್ಧಿ ಬೇರೆ ಕಡೆ ಇತ್ತು.

ಸಂಜೆ ಐದರ ಸುಮಾರಿಗೆ ನಮ್ಮನ್ನು ಇಳಿಸಿ ದೋಣಿ ಹೊರಟುಹೋಯಿತು. ಅದರ ಸದ್ದು ಅಡಗಿದ ಮೇಲೆ ಕಿವಿಯಲ್ಲಿ ಏನೋ ಕಳೆದುಹೋದ ಹಾಗಾಯಿತು. ನಮ್ಮ ಬೀದಿಯಲ್ಲಿ ಭಾನುವಾರವೂ ಯಾವುದೋ ಒಂದು ತಗಡು ಒತ್ತುವ ಪ್ರೆಸ್ಸು ಕುಟ್ಟುತ್ತಲೇ ಇರುತ್ತದೆ. ಇಲ್ಲಿ ನೀರು ಹವಳದ ಅಂಚಿಗೆ ಬಂದು ಬೆಳ್ಳಗೆ ಒಡೆಯುತ್ತಿತ್ತು, ಅಷ್ಟೇ. ಅವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ನೀರಿನ ಅಂಚಿನಲ್ಲಿ ನಿಂತಿದ್ದಳು. ಎಷ್ಟು ಹೊತ್ತಾದರೂ ತಿರುಗಲಿಲ್ಲ.

ಟೆಂಟು ಕಟ್ಟಲು ನಾನು ಗೂಟವೆಂದು ಕಬ್ಬಿಣದ ಉದ್ದನೆಯ ಬೋಲ್ಟುಗಳನ್ನು ತಂದಿದ್ದೆ. ಶೆಡ್ಡಿನ ಕಂಬಕ್ಕೆ, ಲಾರಿಯ ಕೊಂಡಿಗೆ ಹಗ್ಗ ಬಿಗಿದು ರೂಢಿಯಾದ ಕೈ, ಮರಳಿನ ಯೋಚನೆ ಬರಲಿಲ್ಲ. ಹೊಡೆದ ಬೋಲ್ಟೆಲ್ಲ ಬೆಣ್ಣೆಯಿಂದ ಎಳೆದಂತೆ ಕಿತ್ತುಬಂತು. ಅವಳು ಸಾಮಾನು ತಂದಿದ್ದ ಚೀಲಗಳನ್ನು ಖಾಲಿ ಮಾಡಿ, ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಗುಂಡಿ ತೋಡಿ ಹೂತಳು. ಟೆಂಟು ಅಲುಗಾಡಲಿಲ್ಲ.

"ನೋಡು, ಈ ಬುದ್ಧಿ ಬೇರೆ ಯಾರಿಗಿದೆ?" ಅಂತ ಅಲ್ಲಿಂದಲೇ ಶುರು ಮಾಡಿದೆ. ಹೊಗಳಿಕೆಯಿಂದ ಶುರು ಮಾಡುವುದು ಒಳ್ಳೆಯದು. "ಇನ್ಮೇಲೆ ನೀನು ಹತ್ತು ಗಂಟೆಗೆ ಬಾ. ದಪ್ಪ ಬಟ್ಟೆ ಮುಟ್ಬೇಡ, ಅಂಚು ಮಾತ್ರ ಹೊಲಿ."

"ಆಮ್ಯಾಲೆ?" ಅಂದಳು, ಮರಳಿನ ಮೇಲೆ ಕಾಲು ಚಾಚಿಕೊಂಡು.

"ಶೆಡ್ಡಲ್ಲಿ ಪಾಲು ಕೊಡ್ತೀನಿ."

"ಆಮ್ಯಾಲೆ?"

"ಬೋರ್ಡ್ ಮೇಲೆ ನಿನ್ನ ಹೆಸರೂ ಬರೆಸ್ತೀನಿ. ನನ್ನ ಹೆಸರಿಗಿಂತ ದೊಡ್ಡಕ್ಷರದಲ್ಲಿ ಬೇಕಾದ್ರೂ ಬರೆಸ್ಕೋ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಕ್ಕಾ, ನನ್ನ ಹೆಸರ ಓದಿ ಯಾವ ಲಾರಿ ನಿಂದರ್ತೈತ್ರಿ?"

ನನಗೆ ಸಿಟ್ಟು ಬಂತು. "ಸುಮ್ನೆ ಆಟ ಆಡ್ಬೇಡ ಕಣೆ. ಹಿಂದಿನ ಬೀದಿಯವನು ಏನು ಹೇಳಿದಾನೆ ಹೇಳು. ಅದಕ್ಕಿಂತ ಒಂದು ಕೈ ಮೇಲೇ ನಾನಿರ್ತೀನಿ."

ನಗು ನಿಂತಿತು. "ಯಾವ ಬೀದಿ ಅಕ್ಕಾರ? ನಾ ಊರಿಗೆ ಹೊಂಟೀನಿ. ನಿಮಗ ಮೂರ್ ಸಲ ಹೇಳೀನಿ. ನೀವು ಮೂರೂ ಸಲ ಹೋಗು, ಸುಖವಾಗಿರು ಅಂದ್ರಿ. ನಾ ಖರೇ ಅಂದ್ಕೊಂಡೆ."

ಹೌದು, ಅಂದಿದ್ದೆ. ಮೂರು ಸಲವೂ ಅಂದಿದ್ದೆ, ಬಟ್ಟೆಯಿಂದ ತಲೆ ಎತ್ತದೆ. ರೂಢಿಯ ಮಾತಿಗೆ ರೂಢಿಯ ಉತ್ತರ ಕೊಟ್ಟಿದ್ದೆ.

ಅವಳ ತಂಗಿ ಗದಗಿನಲ್ಲಿ ಒಬ್ಬಳೇ ಖಾನಾವಳಿ ನಡೆಸುತ್ತಾಳೆ. ಬೆಳಿಗ್ಗೆ ಎದ್ದು ಇಬ್ಬರೂ ರೊಟ್ಟಿ ಬಡಿಯುವುದು, ಅಷ್ಟೇ ಯೋಜನೆ. ಸಂಬಳ ಏನು ಅಂತ ಕೇಳಿದೆ. ಕೇಳದೆ ಇರಲು ನನ್ನಿಂದಾಗಲಿಲ್ಲ. "ಸಂಬಳ ಎಲ್ಲೀದ್ರಿ? ಅಕಿ ನನ್ನ ಬೈತಾಳ, ನಾ ಅಕಿನ್ನ ಬೈತೀನಿ. ಹೊತ್ತು ಹೋಕ್ಕೈತಿ."

ಎದ್ದು ಹೋಗಬೇಕು ಅನ್ನಿಸಿತು. ಎದ್ದೆ ಕೂಡ. ನೂರು ಹೆಜ್ಜೆಗೆ ದ್ವೀಪ ಮುಗಿಯಿತು. ಅವಳಿಗೆಂದು ಹುಡುಕಿದ ಜಾಗದಲ್ಲಿ ನಾನೇ ಸಿಕ್ಕಿಬಿದ್ದಿದ್ದೆ. ಕತ್ತಲಾಗುವವರೆಗೆ ಒಂದು ಕಲ್ಲಿನ ಮೇಲೆ ಕೂತು, ಆಮೇಲೆ ಬೇರೆ ದಾರಿಯಿಲ್ಲದೆ ವಾಪಸ್ಸು ಬಂದೆ. ಅವಳು ಅವಲಕ್ಕಿ ಕಲಸಿ ನನ್ನ ಪಾಲನ್ನು ಮುಚ್ಚಿಟ್ಟಿದ್ದಳು.

ಬೆಳಕು ಹರಿಯುವ ಹೊತ್ತಿಗೆ ಎದ್ದು ಹಗ್ಗ ಬಿಚ್ಚಿದೆವು. ಟಾರ್ಪಾಲು ಮಡಚಲು ಇಬ್ಬರು ಬೇಕು. ಆ ತುದಿಯ ಎರಡು ಮೂಲೆ ಒಬ್ಬರು, ಈ ತುದಿಯ ಎರಡು ಮೂಲೆ ಒಬ್ಬರು ಹಿಡಿದು, ಒಮ್ಮೆ ಝಾಡಿಸಿ, ಎದುರುಬದುರಾಗಿ ನಡೆದು ಬಂದು ಸೇರಬೇಕು. ಎಷ್ಟು ಸಾವಿರ ಸಲ ನಾವು ಹಾಗೆ ನಡೆದಿದ್ದೇವೋ. ಅವತ್ತು ಅವಳು ನಾಲ್ಕು ಹೆಜ್ಜೆ ದೂರವಿದ್ದಾಗ ನಾನು ನಿಂತುಬಿಟ್ಟೆ.

"ನೀನು ಹೋದ್ರೆ ನಂಗೆ ಯಾರೂ ಇಲ್ಲ ಕಣೆ" ಅಂದೆ. ಅದಕ್ಕೆ ಮುಂದೆ ಯಾವ ಷರತ್ತನ್ನೂ ಜೋಡಿಸಲಿಲ್ಲ.

ಅವಳು ಬಟ್ಟೆ ಸಡಿಲ ಬಿಡಲಿಲ್ಲ. "ಗೊತ್ತೈತ್ರಿ ಅಕ್ಕಾರ. ಅದಕ್ಕ ಇಷ್ಟ್ ವರ್ಷ ಇದ್ದೆ" ಅಂದಳು. ಉಳಿದ ನಾಲ್ಕು ಹೆಜ್ಜೆ ಅವಳೇ ನಡೆದು ಬಂದು, ತನ್ನ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟಳು. ಹವಳದ ಬಂಡೆಗಳ ಆಚೆ ದೋಣಿಯ ಸದ್ದು ಕೇಳಿಸಿತು. ನೀರು ಇನ್ನೂ ಮೇಲೇ ಇತ್ತು.

ದಡ ಸೇರಿದ ಮೇಲೆ, ಲಗ್ಗೆರೆಯ ರೂಮು ಖಾಲಿ ಮಾಡಿಯೇ ಬಂದಿದ್ದ ಅವಳು ಊರಿಗೆಂದು ಹುಬ್ಬಳ್ಳಿಯ ಬಸ್ಸು ಹತ್ತಿದಳು, ನಾನು ಬೆಂಗಳೂರಿನದು. ಈಗ ಅವಳ ಮೆಷೀನಿನ ಮುಂದೆ ಬೇರೆಯವಳು ಕೂರುತ್ತಾಳೆ, ಒಳ್ಳೆಯ ಕೈ, ಐದಕ್ಕೆ ಸರಿಯಾಗಿ ಹೊರಟುಬಿಡುತ್ತಾಳೆ. ಆಮೇಲೆ ಉಳಿದ ಬಟ್ಟೆಯನ್ನು ನಾನೊಬ್ಬಳೇ ಮಡಚುತ್ತೇನೆ. ಒಬ್ಬರೇ ಮಡಚುವವರಿಗೆ ಒಂದು ಮಾತು: ಆ ತುದಿಯ ಮೂಲೆಗಳ ಮೇಲೆ ಭಾರವಾದ ಕಬ್ಬಿಣದ ತುಂಡು ಇಡಿ, ಇಟ್ಟಿಗೆ ಸಾಲದು. ಬಿಗಿಯಾಗಿ ಎಳೆದು, ನೀವೇ ಅತ್ತ ನಡೆದು ಹೋಗಿ. ಮಡಿಕೆ ಒಂದಿಷ್ಟು ಸೊಟ್ಟ ಬರುತ್ತದೆ. ಪೂರ್ತಿ ನೇರ ಮಾಡುವ ಉಪಾಯ ನನಗಿನ್ನೂ ಸಿಕ್ಕಿಲ್ಲ.