ಗಲ್ಲಿಗೇರಿಸಿದ ದಿನದ ಸನ್ಮಾನ

ಪದಚ್ಯುತ ಸರ್ವಾಧಿಕಾರಿಯನ್ನು ಗಲ್ಲಿಗೇರಿಸಿದ ಸುದ್ದಿ ರೇಡಿಯೊದಲ್ಲಿ ಬಂದಾಗ ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ನಿವೃತ್ತಿಯವರೆಗೂ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟವಳು. ಹಿಡಿದ ಕೆಲಸ ಮುಗಿಯದೆ ಇನ್ನೊಂದರತ್ತ ತಿರುಗುವ ಅಭ್ಯಾಸ ನನಗಿಲ್ಲ. ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡ ಮೇಲೆಯೇ ಕಿಟಕಿಯಿಂದ ಪಕ್ಕದ ಮನೆ ನೋಡಿದೆ. ಪರದೆ ಎಳೆದಿತ್ತು. ಅಲ್ಲಿರುವ ಎಕ್ಸ್-ರೇ ಡಾಕ್ಟರು ಆ ಸರ್ವಾಧಿಕಾರಿಯ ದೇಶದವರೇ. ಆ ಮನುಷ್ಯನ ಆಳ್ವಿಕೆಯಲ್ಲಿ ತಪ್ಪಿಸಿಕೊಂಡು ಲಂಡನ್ನಿಗೆ ಬಂದವರು.

ಹಾಲು ತರಲು ಪಿನ್ನರ್ ಸ್ಟೇಷನ್ ಹತ್ತಿರದ ಅಂಗಡಿಗೆ ಹೋದೆ. ಗಲ್ಲಾದ ಮೇಲಿನ ಟೀವಿಯಲ್ಲಿ ಹಗ್ಗದ ಕುಣಿಕೆಯನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. "ಹೋದ ಆಂಟಿ, ಕೊನೆಗೂ ಹೋದ" ಎಂದು ಗುಜರಾತಿ ಅಂಗಡಿಯವನು ನನಗೇ ಏನೋ ಲಾಭವಾದಂತೆ ಹೇಳಿದ. ನಾಯಿ ಹಿಡಿದಿದ್ದ ಹೆಂಗಸು, ಜನ ತಿಂಡಿ ತಿನ್ನುವ ಹೊತ್ತಿನಲ್ಲಿ ಇದನ್ನು ತೋರಿಸಬಾರದಿತ್ತು ಎಂದಳು. ನನ್ನ ಹಿಂದಿದ್ದವನಿಗೆ ಫುಟ್‌ಬಾಲ್ ಬೇಕಾಗಿತ್ತು. ಚಾನೆಲ್ ಬದಲಿಸಲು ಕೇಳಿದ. ಅಂಗಡಿಯವನು ಬದಲಿಸಿದ.

ಅಂದು ಕಿಂಗ್ಸ್‌ಬರಿಯ ಶಾಲೆಯೊಂದರ ಹಾಲ್‌ನಲ್ಲಿ ನಮ್ಮ ಕನ್ನಡದವರ ವರ್ಷಾಂತ್ಯದ ಊಟವಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ ಇಷ್ಟವೆಂದು ಡಾಕ್ಟರು ಬರಲು ಮೊದಲೇ ಒಪ್ಪಿದ್ದರು. ಅವರ ಬಾಗಿಲು ಬಡಿದೆ. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಬೂಟು.

"ಬರದಿದ್ದರೂ ಪರವಾಗಿಲ್ಲ" ಎಂದೆ.

"ಬರ್ತೀನಿ ಅಕ್ಕ. ಮನೆಯಲ್ಲಿದ್ದರೆ ಫೋನ್ ಎತ್ತಬೇಕು. ಎತ್ತಿದರೆ ಅಭಿನಂದನೆ ಹೇಳ್ತಾರೆ."

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. 'ಅಕ್ಕ' ಎನ್ನುವುದೊಂದನ್ನು ನನ್ನ ಮನೆಗೆ ಬಂದುಹೋಗುವವರಿಂದ ಕಲಿತಿದ್ದರು.

ಕಾರಿನಲ್ಲಿ ಅವರಾಗಿಯೇ ಹೇಳಿದರು. ಆ ಮನುಷ್ಯನ ಮೇಲೆ ಹಲವು ಮೊಕದ್ದಮೆಗಳಿದ್ದವು. ಮುಗಿದದ್ದು ಮೊದಲನೆಯದು ಮಾತ್ರ, ಗಲ್ಲು ಶಿಕ್ಷೆಯಾದದ್ದು ಅದರಲ್ಲಿ. ಡಾಕ್ಟರ ತಮ್ಮನನ್ನು ಹಿಡಿದುಕೊಂಡು ಹೋಗಿ ಇಲ್ಲವಾಗಿಸಿದ ವಿಷಯ ಇನ್ನೊಂದರಲ್ಲಿ ಬರಬೇಕಿತ್ತು. ಡಾಕ್ಟರು ಅದರಲ್ಲಿ ಸಾಕ್ಷಿ ಹೇಳಲಿದ್ದರು.

"ಅವನೆದುರು ನಿಂತು, ನನ್ನ ತಮ್ಮನನ್ನು ಎಲ್ಲಿ ಹೂಳಿಸಿದೆ ಅಂತ ಕೇಳಬೇಕಿತ್ತು."

"ಅವನ ಕೆಳಗಿನವರು ಇದ್ದಾರಲ್ಲ?"

"ಇದ್ದಾರೆ. ಎಲ್ಲಾ ಅವನಿಗೇ ಗೊತ್ತಿತ್ತು ಅಂತಾರೆ. ಇನ್ನು ಮೇಲೆ ಹಾಗನ್ನೋದು ಇನ್ನೂ ಸುಲಭ."

ನಾನು ಗೇರು ಬದಲಿಸಿದೆ. ಸಮಾಧಾನ ಹೇಳುವುದರಲ್ಲಿ ನಾನು ಜಾಣೆಯಲ್ಲ.

ಹಾಲ್‌ನಲ್ಲೂ ಅದೇ ಮಾತು. ಇವತ್ತು ಹೋಳಿಗೆ ಬಡಿಸುವುದು ಸರಿಯೇ ಎಂದು ಒಬ್ಬರು ಸಂಶಯ ತೆಗೆದರು.

"ಯಾಕ್ರೀ, ಅವನೇನು ನಿಮ್ಮ ದಾಯಾದಿನಾ?" ಎಂದರು ಇನ್ನೊಬ್ಬರು. "ಸೂತಕ ಇದ್ರೆ ನಿಮ್ಮ ಪಾಲು ನನ್ನ ಎಲೆಗೆ ಹಾಕ್ಸಿ."

ಅಧ್ಯಕ್ಷರಿಗೆ ಬೇರೆಯೇ ಚಿಂತೆ. ಮುಖ್ಯ ಅತಿಥಿಗೆ ಜ್ವರ ಬಂದು, ತಂದಿಟ್ಟಿದ್ದ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಹಾಗೇ ಉಳಿದಿದ್ದವು. ಡಾಕ್ಟರು ಯಾವ ದೇಶದವರೆಂದು ಯಾರೋ ಅಧ್ಯಕ್ಷರ ಕಿವಿಗೆ ಹಾಕಿದ್ದರು.

"ಮೇಡಂ, ಇವತ್ತೇ ಬಂದಿದಾರೆ ನೋಡಿ, ಎಂಥ ಯೋಗ! ಅವರಿಗೇ ಸನ್ಮಾನ ಮಾಡಿಬಿಡೋಣ."

"ಬೇಡ. ಅವರಿಗೆ ಇದು ಸಂತೋಷದ ದಿನವಲ್ಲ."

"ಅಯ್ಯೋ, ಅವನು ಸತ್ತಿದ್ದು ಇವರಿಗೆ ಸಂತೋಷ ಅಲ್ದೆ ಇನ್ಯಾರಿಗೆ? ಹಾರ ಬಾಡ್ತಾ ಇದೆ ಮೇಡಂ. ಎರಡೇ ನಿಮಿಷ."

ಮತ್ತೊಮ್ಮೆ ಬೇಡವೆಂದು ಡಾಕ್ಟರನ್ನು ಹುಡುಕಿ ಹೊರಟೆ. ಅಷ್ಟರಲ್ಲಿ ಇಬ್ಬರು ಸದಸ್ಯರು ಅವರನ್ನು ನಯವಾಗಿ ತೋಳು ಹಿಡಿದು ವೇದಿಕೆ ಹತ್ತಿಸಿದ್ದರು. ನಮ್ಮವರು ಸನ್ಮಾನಕ್ಕೆ ಹೊರಟರೆ ತಡೆಯುವುದು ಕಷ್ಟ. ಶಾಲು ಹೊದಿಸಿದರು, ಹಾರ ಹಾಕಿದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಇವರ ಜನಕ್ಕೆ ಇಂದು ಬಿಡುಗಡೆಯ ದಿನವೆಂದು ಅಧ್ಯಕ್ಷರು ಇಂಗ್ಲಿಷಿನಲ್ಲಿ ಸಾರಿದರು. ಚಪ್ಪಾಳೆ. ಫೋಟೊ. ಮೈಕು ಡಾಕ್ಟರ ಕೈಗೆ ಬಂತು.

"ಧನ್ಯವಾದ" ಎಂದರು. "ಆದರೆ ಹಾರವನ್ನು ತಪ್ಪು ಮನುಷ್ಯನಿಗೆ ಹಾಕಿದ್ದೀರಿ. ಅವನು ಸತ್ತದ್ದಕ್ಕೆ ನಾನು ಅಳುವುದಿಲ್ಲ. ಆದರೆ ನನ್ನ ತಮ್ಮನ ಕೇಸು ಇನ್ನೂ ಬಂದೇ ಇರಲಿಲ್ಲ."

ಚಪ್ಪಾಳೆ ತಟ್ಟಲು ಎತ್ತಿದ್ದ ಕೈಗಳು ಕೆಳಗಿಳಿದವು. ಅಧ್ಯಕ್ಷರು ನನ್ನ ಮುಖ ನೋಡಿದರು. ಮುಂದಿನ ಸಾಲಿನಲ್ಲಿ ವಿಜಯಪುರದ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಎಷ್ಟೋ ವರ್ಷಗಳಿಂದ ಇಲ್ಲೇ ಇದ್ದರೂ ಇಂಗ್ಲಿಷ್ ಹತ್ತದವರು.

"ಏನಂದ್ರು ಅವರು?" ಎಂದು ನನ್ನ ಸೆರಗು ಜಗ್ಗಿದರು. ಹೇಳಿದೆ.

"ತಮ್ಮನ ಹೆಸರೇನಂತ ಕೇಳ್ರೆವ್ವಾ."

ಇಂಗ್ಲಿಷಿನಲ್ಲಿ ಕೇಳಿದೆ. ಡಾಕ್ಟರು ಹೇಳಿದರು. ಆಕೆ ಅದನ್ನು ತಾವೂ ಹೇಳಿ ನೋಡಿದರು.

"ಇನ್ನೊಮ್ಮೆ ಅನ್ನಾಕ ಹೇಳ್ರಿ. ನನ್ನ ಬಾಯಾಗ ಸರಿ ಬರವಲ್ದು."

ಡಾಕ್ಟರು ಮೈಕು ಕೆಳಗಿಟ್ಟು, ಬಗ್ಗಿ, ನಿಧಾನವಾಗಿ ಹೇಳಿದರು. ಆಕೆ ಸರಿಯಾಗಿ ಅಂದರು.

"ಏನ್ ಮಾಡ್ತಿದ್ದ?"

"ಓದುತ್ತಿದ್ದ. ಎಂಜಿನಿಯರಿಂಗ್. ಓದಿದ್ದಕ್ಕಿಂತ ಮೋಟಾರ್ ಸೈಕಲ್ ಬಿಚ್ಚಿದ್ದೇ ಹೆಚ್ಚು."

"ಜೋಡಿಸ್ತಿದ್ದಿಲ್ಲೇನು?"

ಡಾಕ್ಟರಿಗೆ ನಗು ಬಂತು. "ಒಂದು ಭಾಗ ಯಾವಾಗಲೂ ಉಳಿಯುತ್ತಿತ್ತು."

ಅವನನ್ನು ಯಾವಾಗ ಒಯ್ದರು ಎಂದು ಆಕೆ ಕೇಳಿದರು. ಮನೆಯಲ್ಲಿ ಯಾರಿದ್ದರು, ಒಯ್ಯಲು ಬಂದವರು ಏನಂದರು. ನಾನು ನಡುವೆ ನಿಂತು ಅತ್ತಲಿಂದಿತ್ತ ಮಾತು ದಾಟಿಸಿದೆ, ಏನೂ ಸೇರಿಸದೆ, ಏನೂ ಬಿಡದೆ. ಸಂಜೆ ಬಿಟ್ಟುಬಿಡುತ್ತೇವೆ ಎಂದಿದ್ದರಂತೆ. ತಾಯಿ ಕೋಟು ಕೊಟ್ಟರೆ, ಸಂಜೆಗೆ ಬರುವವನಿಗೆ ಯಾಕೆಂದು ಅವನು ಬೇಡವೆಂದನಂತೆ. ಊಟದ ಹೊತ್ತು ಮೀರಿತ್ತು. ಹೊತ್ತು ಮೀರುವುದನ್ನು ನಾನು ಸಹಿಸುವವಳಲ್ಲ. ಅಂದು ಗಡಿಯಾರ ನೋಡಿಯೂ ಮಾತು ದಾಟಿಸುತ್ತಲೇ ಇದ್ದೆ. ಹಿಂದೆ ತಟ್ಟೆ ಜೋಡಿಸುತ್ತಿದ್ದವರೂ ಸದ್ದು ನಿಲ್ಲಿಸಿದ್ದರು.

"ಮುಂದ?" ಎಂದರು ಆಕೆ.

ಕೇಳಿದೆ.

ಡಾಕ್ಟರು ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟರು. "ಮುಂದಿನದು ನನಗೆ ಗೊತ್ತಿಲ್ಲ. ಗೊತ್ತಿದ್ದವನನ್ನು ಇವತ್ತು ಬೆಳಗ್ಗೆ ಗಲ್ಲಿಗೇರಿಸಿದರು."

ಅದನ್ನೂ ಕನ್ನಡದಲ್ಲಿ ಹೇಳಿದೆ. ಆಕೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ನೆಲಕ್ಕಿಟ್ಟರು. ಡಾಕ್ಟರು ಕೆಳಗಿಳಿದು ಬಂದು ಅಲ್ಲಿ ಕೂತರು.