ತಳ ಮುಟ್ಟುವ ಮೊದಲೇ

ಟಾಲ್ಮಡ್ಜ್ ಸೈಕ್ಸ್‌ನ ಬಲಗಾಲಿಗೆ ಒಂದು ಕಡೆ ನಿಲ್ಲುವುದೇ ಗೊತ್ತಿರಲಿಲ್ಲ. ಮೂವತ್ತು ವರ್ಷ ಅಲಬಾಮಾದ ಹಳ್ಳಿ ರಸ್ತೆಗಳಲ್ಲಿ ಗ್ಯಾಸ್ ಟ್ಯಾಂಕರ್ ಓಡಿಸಿದ ಕಾಲು ಅದು. ಕೆಲಸದಿಂದ ನಿವೃತ್ತನಾದರೂ ಕಾಲು ನಿವೃತ್ತವಾಗಲಿಲ್ಲ. ಚರ್ಚಿನಲ್ಲಿ ಬಾಗಿಲ ಪಕ್ಕದ ಬೆಂಚೇ ಆಗಬೇಕು. ಊಟ ನಿಂತುಕೊಂಡೇ. ಮದುವೆಯ ಫೋಟೋದಲ್ಲಿ ಹೆಂಡತಿ ವೀಡಾಳ ಮುಖ ಕನ್ನಡಿಯಷ್ಟು ಸ್ಪಷ್ಟವಾಗಿದೆ, ಪಕ್ಕದಲ್ಲಿ ಇವನದು ಬರೀ ಮಸುಕು. ಫೋಟೋದವನು ಗುಂಡಿ ಒತ್ತುವಷ್ಟರಲ್ಲಿ ಲಾರಿಯ ಕಡೆ ತಿರುಗಿದ್ದನಂತೆ.

ಇಂಥವನೊಡನೆ ಮೂವತ್ತೊಂದು ವರ್ಷ ಬಾಳಿದ ವೀಡಾ, ಆಗಸ್ಟ್ ತಿಂಗಳ ಒಂದು ಶುಕ್ರವಾರ ಸಂಜೆ ನೀಲಿ ಪೆಟ್ಟಿಗೆ ತುಂಬಿ ಹಜಾರದಲ್ಲಿಟ್ಟಳು.

"ನಾಳೆ ನಾಲ್ಕು ಗಂಟೆಗೆ ನೆಲ್ವಿನ್ ದೋಣಿಕಟ್ಟೆಗೆ ಬರ್ತಾಳೆ. ನಾನು ಅವಳ ಜೊತೆ ಹೋಗ್ತೀನಿ," ಎಂದಳು. ನೆಲ್ವಿನ್ ಅವಳ ಅಕ್ಕ. ಡೋಥನ್ ಪಟ್ಟಣದಲ್ಲಿ ಒಬ್ಬಳೇ ಇರುವವಳು.

"ಎಷ್ಟು ದಿನಕ್ಕೆ?"

"ದಿನ ಎಣಿಸಿ ಪೆಟ್ಟಿಗೆ ತುಂಬಿಲ್ಲ."

ಟಾಲ್ಮಡ್ಜ್ ಕೇಳಿದ್ದು ಒಂದೇ ಮಾತು: "ಮತ್ತೆ ದೋಣಿಕಟ್ಟೆಗೆ ಯಾಕೆ?"

"ನಾಳೆ ಶನಿವಾರ ಅಲ್ವಾ? ನೀನು ಕೆರೆಯಲ್ಲಿ ಮೀನು ಹಿಡೀತಾ ಇರ್ತೀಯ ಅಂತ ನಂಗೊತ್ತಿಲ್ವಾ? ನಾನೂ ಬರ್ತೀನಿ. ಕೊನೇ ಸಲ. ಆ ಕೆರೆ ಏನು ತಪ್ಪು ಮಾಡಿದೆ ಪಾಪ."

ಹಾಗಾಗಿ ಮರುದಿನ ಬೆಳಿಗ್ಗೆ ನೀಲಿ ಪೆಟ್ಟಿಗೆಯೂ ಮನೆಯ ಸಣ್ಣ ಲಾರಿ ಹತ್ತಿತು. ಕಟ್ಟೆಯಲ್ಲಿ ಹುಳು, ಐಸು, ಬೇಯಿಸಿದ ಕಡಲೆಕಾಯಿ ಮಾರುವ ಹರ್ಷೆಲ್ ಪೆಟ್ಟಿಗೆ ನೋಡಿ, "ಏನ್ ಟಾಲ್, ಮೀನು ತುಂಬಿಸೋಕಾ? ಬೆಂಕಿಪೊಟ್ಟಣ ಸಾಕಾಗಿತ್ತಲ್ಲಪ್ಪ," ಎಂದು ನಕ್ಕ. ಗಂಡ ಹೆಂಡತಿ ಇಬ್ಬರೂ ನಗಲಿಲ್ಲ.

ಅಂದು ಗಾಳಿಯ ಸುಳಿವೇ ಇರಲಿಲ್ಲ. ಒಂದು ಮೋಡವಿಲ್ಲ. ಹಿಂದಿನ ವಾರದ ಮಳೆಗೆ ಮೇಲಿನ ಹೊಲಗಳ ಕೆಮ್ಮಣ್ಣೆಲ್ಲ ಕೆರೆಗೆ ಬಂದು, ನೀರು ಹಾಲು ಬೆರೆಸಿದ ಚಹಾದಂತೆ ನಿಂತಿತ್ತು. ಇಂಥ ನೀರಿನಲ್ಲಿ, ಇಂಥ ಬಿಸಿಲಿನಲ್ಲಿ ಬ್ಯಾಸ್ ಮೀನು ಆಳಕ್ಕೆ ಹೋಗುವುದಿಲ್ಲ. ದಡದ ಹತ್ತಿರವೇ, ಸೊಂಟದುದ್ದ ನೀರಿನಲ್ಲಿ, ಯಾವುದಾದರೂ ಮೋಟುಮರದ ನೆರಳಿಗೆ ಮೈ ಒತ್ತಿಕೊಂಡು ಬಿದ್ದಿರುತ್ತದೆ. ಆ ಕೆಸರಿನಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ, ಅಟ್ಟಿಸಿಕೊಂಡು ಬರುವ ಉಮೇದೂ ಇಲ್ಲ. ಗಾಳಕ್ಕೆ ಸಿಕ್ಕಿಸಿದ ಕಪ್ಪು ರಬ್ಬರ್ ಹುಳುವನ್ನು ಅದರ ಮೂಗಿನ ಮುಂದೆಯೇ ಇಳಿಸಬೇಕು. ತಳ ಮುಟ್ಟಿಸಬೇಕು. ಬರಲಿಲ್ಲವೇ, ಅದೇ ನೆರಳಿಗೆ ಮತ್ತೆ ಇಳಿಸಬೇಕು, ಮತ್ತೆ, ಮತ್ತೆ. ಟಾಲ್‌ಗೆ ಇದೆಲ್ಲ ಬಾಯಿಪಾಠ. ಆದರೆ ದೋಣಿಯ ಮುಂದಿನ ಸೀಟಿನಲ್ಲಿ ಕೂರುವವನ ಕಾಲಡಿಯಲ್ಲಿ ಪುಟ್ಟ ಮೋಟಾರಿನ ಪೆಡಲ್ ಇರುತ್ತದಲ್ಲ, ಅಲ್ಲಿಗೆ ಬರುತ್ತಿತ್ತು ತಾಪತ್ರಯ. ಅವನು ಒಂದು ಮರಕ್ಕೆ ಒಂದೇ ಎಸೆತ ಎಸೆದು ಪೆಡಲ್ ಒತ್ತಿಬಿಡುತ್ತಿದ್ದ. ಹಿಂದಿನ ಸೀಟಿನ ವೀಡಾಳ ಹುಳು ನೀರಿಗೆ ಬಿದ್ದು ಇಳಿಯುವಷ್ಟರಲ್ಲಿ ದೋಣಿ ಮುಂದಿನ ಮರದ ಬಳಿ ಇರುತ್ತಿತ್ತು.

ಆ ಬೆಳಿಗ್ಗೆಯೂ ಹಾಗೆಯೇ ಆಯಿತು. ನೆನಪಿಟ್ಟುಕೊಂಡು ಕಾಲು ತೆಗೆಯುತ್ತಿದ್ದ, ಮರೆತು ಮತ್ತೆ ಒತ್ತುತ್ತಿದ್ದ. ಪೆಟ್ಟಿಗೆಯ ನೆನಪಾದಷ್ಟೂ ಕಾಲು ಇನ್ನೂ ಜೋರಾಗುತ್ತಿತ್ತು. ಮಧ್ಯಾಹ್ನದೊಳಗೆ ನಲವತ್ತು ಮರ ದಾಟಿದ್ದರು, ಒಂದು ಮೀನಿಲ್ಲ. ಟೊಮೆಟೊ ಸ್ಯಾಂಡ್‌ವಿಚ್ಚನ್ನು ಅವನು ನಿಂತೇ ತಿಂದ.

"ಕೂತ್ಕೋ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ," ಎಂದಳು ವೀಡಾ.

"ಬೆನ್ನು ನೋವು ಕಣೇ."

"ನಮ್ಮಮ್ಮ ಸಾಯೋ ದಿನಾನೂ ಬೆನ್ನು ನೋವಿತ್ತಾ? ನಾನು ಒಳಗೆ ಅವಳ ಕೈ ಹಿಡ್ಕೊಂಡು ಒಬ್ಬಳೇ ಕೂತಿದ್ದೆ. ನೀನು ಆಸ್ಪತ್ರೆ ಹೊರಗೆ ಲಾರಿ ಟೈರು ಒದೀತಾ ನಿಂತಿದ್ದೆ."

ಅದಾಗಿ ಐದು ತಿಂಗಳಾಗಿತ್ತು. ಈ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. ಟಾಲ್ ಉಳಿದ ಬ್ರೆಡ್ಡನ್ನು ನೀರಿಗೆಸೆದು ಪೆಡಲ್ ಒತ್ತಿದ.

ಎರಡು ಗಂಟೆಯ ಸುಮಾರಿಗೆ, ಒಂದು ಹಳೆಯ ಸೈಪ್ರೆಸ್ ಮರದ ಬುಡದಲ್ಲಿ, ವೀಡಾಳ ದಾರ ಸಣ್ಣಗೆ ಪಕ್ಕಕ್ಕೆ ಸರಿಯಿತು. ಮೀನು ಬಾಯಿ ಹಾಕಿತ್ತು. ಅವಳು ಗಾಳದ ಕೋಲು ಎತ್ತುವ ಮೊದಲೇ ಟಾಲ್‌ನ ಕಾಲು ಪೆಡಲ್ ಒತ್ತಿತು. ದೋಣಿ ಜಗ್ಗಿತು, ದಾರ ಬಿಗಿಯಾಯಿತು, ಬರೀ ಹುಳು ಮೇಲಕ್ಕೆ ಹಾರಿ ಬಂತು.

ವೀಡಾ ಬೈಯಲಿಲ್ಲ. ಕೋಲನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಟಾಲ್‌ಗೆ. ನಾಲ್ಕು ಗಂಟೆಗೆ ಇವಳು ಹೋಗುತ್ತಾಳೆ, ಹೋದರೆ ಬರುವುದಿಲ್ಲ ಎಂಬುದು ಅವನಿಗೆ ಆಗ ನಿಜವಾಗಿ ಅರ್ಥವಾಯಿತು. ಭಯವಾಯಿತು.

ಅವನು ಎದ್ದ. "ಮುಂದೆ ಬಾ."

"ಏನಂದೆ?"

"ಈ ಸೀಟಿಗೆ ನೀನು ಬಾ."

ಆ ಕಡೆಯ ಗಂಡಸರು ಲಾರಿ ಕೊಟ್ಟಾರು, ಬಂದೂಕು ಕೊಟ್ಟಾರು, ದೋಣಿಯ ಮುಂದಿನ ಸೀಟು ಮಾತ್ರ ಬಿಟ್ಟುಕೊಡುವವರಲ್ಲ. ಪಾದ್ರಿ ಬಂದಾಗಲೂ ಟಾಲ್ ಅವರನ್ನು ಹಿಂದೆ ಕೂರಿಸಿದ್ದ. ವೀಡಾ ಅವನ ಮುಖವನ್ನು ಒಂದು ಗಳಿಗೆ ನೋಡಿ, ಟೋಪಿ ಸರಿಮಾಡಿಕೊಂಡು ಮುಂದೆ ಹೋದಳು.

ಪೆಡಲ್ ಅವಳಿಗೆ ಹೊಸದು. ಮುಟ್ಟಿದರೆ ದೋಣಿ ನೆಗೆಯುತ್ತಿತ್ತು. ಮೂರು ಮರ ಹಾಗೇ ದಾಟಿಹೋಯಿತು. ಟಾಲ್‌ನ ಹುಳು ಒಂದು ಸಲವೂ ತಳ ಕಾಣಲಿಲ್ಲ.

"ಸ್ವಲ್ಪ ನಿಲ್ಲೇ! ನಂದಿನ್ನೂ ಇಳೀತಾ ಇದೆ!" ಎಂದು ರೇಗಿದ.

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ವೀಡಾ ತಿರುಗಲಿಲ್ಲ. ಅವಳ ಭುಜ ಮಾತ್ರ ನಗುವಿಗೆ ಅಲುಗುತ್ತಿತ್ತು.

ಆಮೇಲೆ ಅವಳು ದಡದಿಂದ ನೀರಿಗೆ ಅಡ್ಡಬಿದ್ದ ಓಕ್ ಮರದ ಬಳಿ ದೋಣಿ ನಿಲ್ಲಿಸಿದಳು. ನಿಲ್ಲಿಸಿದಳೆಂದರೆ ನಿಲ್ಲಿಸಿಯೇಬಿಟ್ಟಳು. ಬಿಸಿಲು ವಾಲಿ ನೆರಳು ಕಾಂಡದ ಈಚೆ ಬಂದಿತ್ತು. ಅದೇ ನೆರಳಿಗೆ ಏಳು ಸಲ ಹುಳು ಇಳಿಸಿದಳು. ಹಿಂದೆ ಟಾಲ್‌ನ ಬಲಗಾಲು, ಒತ್ತಲು ಏನೂ ಇಲ್ಲದೆ, ಬರೀ ಹಲಗೆಯನ್ನು ತಟತಟ ಬಡಿಯುತ್ತಿತ್ತು. ಅವನು ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ. ಎಂಟನೆಯ ಸಲ ವೀಡಾಳ ಕೋಲು ಬಿಲ್ಲಾಯಿತು. ಕೆಂಪು ನೀರು ಒಡೆದು ಮೊಳದುದ್ದದ ಮೀನು ಮೇಲೆದ್ದಿತು. ಅವಳು ಅದರ ಕೆಳತುಟಿಗೆ ಹೆಬ್ಬೆರಳು ಕೊಟ್ಟು ಎತ್ತಿ, ಕಣ್ತುಂಬ ನೋಡಿ, ನೀರಿಗೆ ಬಿಟ್ಟಳು.

"ಸಿಕ್ತಲ್ಲ! ಇನ್ನು ಹೋಗಲ್ಲ ತಾನೆ?"

"ಮೀನು ಸಿಕ್ಕಿದ್ರೆ ಉಳೀತೀನಿ ಅಂತ ಯಾರು ಹೇಳಿದ್ರು ನಿಂಗೆ? ಮೀನು ಕೇಳಿದ್ನಾ ನಾನು?"

ಟಾಲ್ ಅತ್ತಿತ್ತ ನೋಡಿದ. ಎದ್ದು ಎಲ್ಲಿಗಾದರೂ ಹೋಗಿಬಿಡೋಣವೆಂದರೆ ಸುತ್ತಲೂ ನೀರು.

"ಟೈರು ಒದೀತಾ ಇರ್ಲಿಲ್ಲ ವೀಡಾ," ಎಂದ ಕೊನೆಗೆ. "ಒಳಗೆ ಬರೋಕೆ ಮೂರು ಸಲ ಬಾಗಿಲ ತನಕ ಬಂದೆ. ನಿನ್ನ ಬೆನ್ನು ಕಾಣ್ತಿತ್ತು. ನೀನು ಅಳೋದು ನೋಡೋಕಾಗದೆ ವಾಪಸ್ ಓಡಿದೆ. ಹೇಡಿ ನಾನು."

ಅವಳು ಮೂಗು ಒರೆಸಿಕೊಂಡಳು. ಆಮೇಲೆ ಅದೇ ನೆರಳಿಗೆ ಮತ್ತೆ ಹುಳು ಎಸೆದಳು. ಅವನೂ ಎಸೆದ.

ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ಕಾರಿನ ಹಾರನ್ ಕೇಳಿಸಿತು. ನೆಲ್ವಿನ್ ಯಾವತ್ತೂ ಒಂದು ನಿಮಿಷ ತಡಮಾಡಿದವಳಲ್ಲ. ಹಾರನ್ ಮತ್ತೊಮ್ಮೆ, ಈ ಸಲ ಉದ್ದಕ್ಕೆ, ಕೂಗಿತು. ವೀಡಾ ತನ್ನ ದಾರ ಸುತ್ತಿಕೊಂಡು ಕಾಲನ್ನು ಪೆಡಲ್ ಮೇಲಿಟ್ಟಳು. ಟಾಲ್ ಅವಳ ಬೆನ್ನನ್ನೇ ನೋಡುತ್ತಾ ಕೂತ.

"ಟಾಲ್," ಎಂದಳು ತಿರುಗದೆಯೇ, "ನಿಂದು ತಳ ಮುಟ್ತಾ?"

ಸೊಂಟದುದ್ದ ನೀರು. ಅವನ ಹುಳು ತಳ ಮುಟ್ಟಿ ಎಷ್ಟೋ ಹೊತ್ತಾಗಿತ್ತು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಇಲ್ಲ," ಎಂದ. "ಇನ್ನೂ ಇಳೀತಾನೇ ಇದೆ."

ವೀಡಾ ಪೆಡಲ್‌ನಿಂದ ಕಾಲು ತೆಗೆದಳು.