ಕಾಕಾನ ಮೂರನೆಯ ಕಡ್ಡಿ

ನಮ್ಮ ಶಿವಪ್ಪ ಕಾಕಾನ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಗೀರುಗಳಿದ್ದವು. ಯಾರ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ನುಗ್ಗಿ, ಚಾಕು ಎತ್ತಿಕೊಂಡು, ಅದರ ಅಂಚನ್ನು ಆ ಉಗುರಿನ ಮೇಲೆ ಮೆಲ್ಲಗೆ ಇಡುತ್ತಿದ್ದ. ಕಚ್ಚಿ ನಿಂತರೆ ಹರಿತ, ಜಾರಿದರೆ ಮೊಂಡು. ಜಾರಿತೆಂದರೆ ಕೈಚೀಲದಿಂದ ಸಾಣೆಕಲ್ಲು ಹೊರಗೆ ಬಂತೆಂದೇ ತಿಳಿಯಬೇಕು. ಕದರಮಂಡಲಗಿಯಲ್ಲಿ ಬೀಗರ ಗೃಹಪ್ರವೇಶದ ದಿನ ಪಂಕ್ತಿ ಎದ್ದರೂ ಆಸಾಮಿ ಪತ್ತೆಯಿಲ್ಲ. ಹುಡುಕಿದರೆ ಹಿತ್ತಲಲ್ಲಿ ಅಡುಗೆಯವರ ಚಾಕುಗಳನ್ನೆಲ್ಲ ಹರಡಿಕೊಂಡು ಕೂತಿದ್ದ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬುವ ಚೀಲಗಳ ಅಂಗಡಿ ಅವನದು. ಮಸೆಯುವುದು ಬರೀ ಹುಚ್ಚು. ನನಗೆ ಕುತೂಹಲವಿದ್ದದ್ದು ಅವನ ಬೆಂಕಿಕಡ್ಡಿಗಳ ಬಗ್ಗೆ. ಚಾಕುವನ್ನು ಕಲ್ಲಿನ ಮೇಲೆ ಮಲಗಿಸಿ, ಅದರ ಬೆನ್ನಿನ ಕೆಳಗೆ ಒಂದರ ಮೇಲೊಂದು ಅಂಟಿಸಿದ ಎರಡು ಕಡ್ಡಿ ಇಡುತ್ತಿದ್ದ. ಎತ್ತರ ಕೈಗೆ ಗೊತ್ತಾದ ಮೇಲೆ ಕಡ್ಡಿ ತೆಗೆದು, ಅದೇ ಓರೆಯಲ್ಲಿ ಉಜ್ಜುವುದು. ಕಳೆ ತೆಗೆಯುವ ಕುರ್ಪಿಗೆ ಮೂರು. ಕೊಡಲಿಗೆ ಕಡ್ಡಿಪೆಟ್ಟಿಗೆಯೇ.

"ಎಲ್ಲಾದಕ್ಕೂ ಎರಡ ಯಾಕ ಇಡಬಾರ್ದು ಕಾಕಾ?"

"ಬದನಿಕಾಯಿ ತಿರುಗಿ ಹೊಡಿಯೂದಿಲ್ಲವ್ವ. ಕುರ್ಪಿಗೆ ಮಣ್ಣಾಗ ಹರಳು ಸಿಗತಾವು. ಏನು ಕೊಯ್ತೈತಿ ಅಂತ ಮೊದಲ ಕೇಳಬೇಕು, ಆಮ್ಯಾಲ ಓರೆ."

ಕಾಕಾನಿಗೆ ಇಷ್ಟು ತಿಳಿವಳಿಕೆ ಬಂದದ್ದು ನಮ್ಮಪ್ಪನ ಕೊಡಲಿ ಹಾಳಾದ ಮೇಲೆ. ಹುರುಪಿನಲ್ಲಿ ಅದಕ್ಕೂ ಚಾಕುವಿನಂಥ ತೆಳು ಅಂಚು ತೆಗೆದು, ಮುಂಗೈ ಕೂದಲು ಬೋಳಿಸಿ ತೋರಿಸಿದ್ದ. ಜಾಲಿ ಬೊಡ್ಡೆಗೆ ಮೊದಲ ಏಟು ಬಿದ್ದದ್ದೇ ಅಂಚು ಚಕ್ಕೆಯಾಗಿ ಹಾರಿತು. ಅಪ್ಪ ಕೆಂಡವಾದ. ಕಾಕಾ ಹುಲ್ಲಿನಲ್ಲಿ ಆ ಚಕ್ಕೆ ಹುಡುಕಿ ಬಿಸಿಲಿಗೆ ಹಿಡಿದು, "ಅಣ್ಣಾ, ಸಿಟ್ಟಾಗಬ್ಯಾಡ, ಇಲ್ಲಿ ನೋಡು, ಎಷ್ಟು ಚಂದ ಮುರದೈತಿ!" ಅಂದ.

ಹೋದ ವರ್ಷ ಲಕ್ವಾ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಅವನ ಹೆಂಡತಿ, ನಮ್ಮ ಚಿಗವ್ವನ ಚಾಕು ಮೊಂಡಾಗುತ್ತ ಬಂತು. ಹೊರಗಿನವರು ಅದನ್ನು ಮಸೆಯುವುದು ಕಾಕಾನಿಗೆ ಸೇರದು. ಚಿಗವ್ವ ಅದರೊಡನೆ ಗುದ್ದಾಡುವುದನ್ನು ನೋಡಲೂ ಆಗದು. ನಾನು ರಾಣೆಬೆನ್ನೂರಿನಿಂದ ನೋಡಲು ಹೋದಾಗ ಕಲ್ಲನ್ನು ಎಡಗೈಯಿಂದ ನನ್ನ ಕಡೆ ತಳ್ಳಿದ.

ಎರಡು ಕಡ್ಡಿ ಇಟ್ಟೆ. ತಲೆ ಅಲ್ಲಾಡಿಸಿದ.

"ಮೂರು ಇಡು."

"ಕಾಯಿಪಲ್ಲೆ ಚಾಕು ಐತಲ್ಲ ಕಾಕಾ, ಇದಕ್ಕ ಎರಡ ಅಂತಿದ್ದಿ?"

"ಎರಡು ಕಡ್ಡೀದು ಛಲೋ ಕೊಯ್ತೈತಿ, ಖರೇ. ಆದ್ರ ಲಗೂ ಮೊಂಡಾಕ್ಕೈತಿ, ಮತ್ತ ಮತ್ತ ಮಸೀಬೇಕು. ಮೂರರದ್ದು ಒಂಚೂರು ಒತ್ತಿ ಕೊಯ್ಯಬೇಕು, ಆದ್ರ ಭಾಳ ದಿವ್ಸ ತಡೀತೈತಿ." ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದ. "ನಾ ಹ್ವಾದ ಮ್ಯಾಲ ಆಕೀಗೆ ಯಾರು ಮಸದ ಕೊಡ್ತಾರ?"

ಮೂರನೆಯ ಕಡ್ಡಿ ಸೇರಿಸಿ ಎತ್ತರ ನೋಡಿಕೊಂಡೆ. ಕಲ್ಲಿಗೆ ನೀರು ಚಿಮುಕಿಸಿ ಉಜ್ಜಿದೆ. ಮುಗಿದ ಮೇಲೆ ಅವನ ಎಡಗೈ ಹಿಡಿದು ಉಗುರಿನ ಮೇಲೆ ಅಂಚು ಇಟ್ಟೆ. ಕಚ್ಚಿ ನಿಂತಿತು. ಅದೇ ನಮ್ಮ ಕೊನೆಯ ಭೇಟಿ.

ಮೊನ್ನೆ ಬ್ಯಾಡಗಿಗೆ ಹೋದಾಗ ಚಿಗವ್ವ ಅದೇ ಚಾಕುವಿನಿಂದ ಹೀರೇಕಾಯಿ ಹೆಚ್ಚುತ್ತ ಕೂತಿದ್ದಳು. ಒಂದೊಂದು ಹೋಳಿಗೂ ಒತ್ತಬೇಕಾಗುತ್ತಿತ್ತು.

"ತಾ ಚಿಗವ್ವ, ಮಸದ ಕೊಡ್ತೇನಿ" ಅಂದೆ.

ಚಾಕುವನ್ನು ತನ್ನ ಕಡೆ ಎಳೆದುಕೊಂಡಳು.

"ಬ್ಯಾಡ ಬಿಡವ್ವ. ಇನ್ನೂ ಕೊಯ್ತೈತಿ."